ಅರಮನೆಗೆ ಒಂದು ಸುತ್ತು

ಗ್ಲೈಡರ್ ಪಂದ್ಯದ ಗುರಿಗೆರೆಯನ್ನು ಎಷ್ಟು ಎತ್ತರದಲ್ಲಿ ದಾಟಬೇಕು ಎಂಬ ಒಂದೇ ಮಾತಿಗೆ ಅಮ್ಮ ನನ್ನೊಡನೆ ಆರು ವಾರ ಮುಖ ಊದಿಸಿಕೊಂಡಿದ್ದಳು.

ಮೊದಲೆಲ್ಲ ಆ ಎಂಜಿನ್ನಿಲ್ಲದ ವಿಮಾನಗಳು ಮೈದಾನದ ಬೇಲಿಯನ್ನು ಸವರಿಕೊಂಡೇ ಗೆರೆ ದಾಟುತ್ತಿದ್ದವು. ಹೋದ ವರ್ಷ ಅಮ್ಮ ಹಾಗೆ ಬಂದಿಳಿದು, ಚಕ್ರಕ್ಕೆ ಸಿಕ್ಕಿಕೊಂಡಿದ್ದ ಬೇಲಿಯ ಎಲೆಯನ್ನು ಪದಕದಂತೆ ಎತ್ತಿ ತೋರಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆದರಿಹೋಗಿದ್ದ ನನಗೆ ಮಾತ್ರ ಚಪ್ಪಾಳೆಗೆ ಕೈ ಎತ್ತಲಾಗಲಿಲ್ಲ.

ಈ ಸಲ, ಫಲಿತಾಂಶ ಬರೆಯುವವಳಾಗಿ, ಸಮಿತಿಯಲ್ಲಿ ಹಟ ಹಿಡಿದೆ. ಮೈದಾನದ ಸುತ್ತ ಮೂರು ಕಿಲೋಮೀಟರಿಗೆ ನಕ್ಷೆಯ ಮೇಲೆ ಬಳೆಯಂತೆ ಒಂದು ವೃತ್ತ ಎಳೆಯೋಣ. ಆ ಬಳೆಯ ಅಂಚನ್ನು ಕನಿಷ್ಠ ಇನ್ನೂರು ಮೀಟರ್ ಎತ್ತರದಲ್ಲಿ ದಾಟಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ತಗ್ಗಿದರೆ ಅಂಕ ಕಡಿತ. ಆಮೇಲೆ ಸಾವಧಾನವಾಗಿ ಒಂದು ಸುತ್ತು ಬಂದು ಇಳಿಯಬಹುದು. ಒಪ್ಪಿದರು.

“ಇವಳ ತಲೆಗೆ ಇದನ್ನೆಲ್ಲ ತುಂಬಿದ್ದು ನೀನೇ,” ಎಂದು ಅಮ್ಮ ತನ್ನ ತಾಯಿಯ ಮೇಲೆ ಹರಿಹಾಯ್ದಳು. ಸುಳ್ಳೇನಲ್ಲ. ಅಜ್ಜಿಯ ಕತೆಯ ಹಾರುವ ಕುದುರೆ ಎಂಥ ಅವಸರವಿದ್ದರೂ ಅರಮನೆಗೆ ಒಂದು ಸುತ್ತು ಬಂದೇ ಇಳಿಯುತ್ತಿತ್ತು. ಸುತ್ತು ತಪ್ಪಿಸಿದ ರಾಜಕುಮಾರಿ ನೆಟ್ಟಗೆ ಬಾವಿಗೆ!

ಪಂದ್ಯದ ಕೊನೆಯ ದಿನ, ಎರಡನೇ ಸ್ಥಾನದಲ್ಲಿದ್ದ ಹಲ್ಲಿನ ಡಾಕ್ಟರಿಗಿಂತ ಅಮ್ಮ ಹನ್ನೊಂದು ಅಂಕ ಮುಂದಿದ್ದಳು. ಹದಿನಾಲ್ಕು ವರ್ಷ ಹಾರಿದರೂ ಒಮ್ಮೆಯೂ ಗೆದ್ದವಳಲ್ಲ. ಮೈದಾನದಂಚಿನ ಮಹಡಿಯ ಗಾಜಿನ ಕೋಣೆಯಲ್ಲಿ ನಾನು ರೇಡಿಯೋ ಮುಂದೆ ಕೂತಿದ್ದೆ. ಪಕ್ಕದಲ್ಲಿ ಅಜ್ಜಿ ಕಿತ್ತಳೆ ಸುಲಿಯುತ್ತಿದ್ದಳು.

“ಹತ್ತು ಕಿಲೋಮೀಟರ್,” ಅಮ್ಮನ ದನಿ ಬಂತು. “ನಿನ್ನ ಬಳೆ ಹತ್ರ ಬರೋ ಹೊತ್ತಿಗೆ ನೂರೈವತ್ತೇ ಮೀಟರ್ ಇರುತ್ತೆ. ಹಳೇ ಗೆರೆ ಆಗಿದ್ರೆ ನೇರ ಬಂದು ಗೆಲ್ತಿದ್ದೆ. ಕೇಳಿಸ್ತಾ?”

“ಕೇಳಿಸ್ತಮ್ಮಾ.”

ನನ್ನ ಮುಂದಿನ ಕಂಪ್ಯೂಟರ್ ಪರದೆಯ ಮೇಲೆ ಅಮ್ಮನ ಗ್ಲೈಡರಿನ ಚುಕ್ಕೆ ಗಿರಗಿರ ತಿರುಗತೊಡಗಿತು. ಮೇಲೇಳುವ ಗಾಳಿಯ ಬಡಕಲು ಎಳೆಯೊಂದನ್ನು ಹಿಡಿದು ಎತ್ತರ ಕೂಡಿಸುತ್ತಿದ್ದಳು; ತಡವಾದಷ್ಟೂ ಅಂಕ ಸೋರುತ್ತಿತ್ತು. ಅಷ್ಟರಲ್ಲಿ ಡಾಕ್ಟರು ಬಳೆ ದಾಟಿ, ಸುತ್ತು ಬರುವ ವ್ಯವಧಾನವಿಲ್ಲದೆ ನೇರ ಧುಮುಕಿದರು. ಟೈರ್ ಢಬ್ ಎಂದಿತು. ಗ್ಲೈಡರ್ ರನ್‌ವೇಗೆ ಅಡ್ಡಲಾಗಿ ನಿಂತುಬಿಟ್ಟಿತು. ಡಾಕ್ಟರು ಇಳಿದು ತಲೆ ಕೆರೆದುಕೊಂಡರು.

“ಅಮ್ಮಾ, ರನ್‌ವೇ ಮಧ್ಯೆ ಡಾಕ್ಟರಿದ್ದಾರೆ! ಎಡಗಡೆ ಹುಲ್ಲಿನ ಪಟ್ಟಿ ಖಾಲಿ ಇದೆ!”

“ಯಾಕೆ ಕಿರುಚ್ತೀಯೇ? ಬಳೆ ದಾಟಿದಾಗ ಇನ್ನೂರಾಮೂರಿತ್ತು. ಪುರುಸೊತ್ತಾಗಿ ನೋಡ್ತಾ ಇದೀನಿ.” ಕ್ಷಣ ಬಿಟ್ಟು, “ಅಜ್ಜಿಗೆ ಹೇಳು, ರಾಜಕುಮಾರಿ ಅರಮನೆ ಸುತ್ತು ಬರ್ತಿದಾಳೆ.”

ಅಜ್ಜಿ ಮೈಕನ್ನೇ ಕಸಿದುಕೊಂಡಳು. “ಬಾವಿ ಕಡೆ ನಿಗಾ ಇರ್ಲಿ, ಮಗಳೇ!”

ಬಿಳಿಯ ಉದ್ದ ರೆಕ್ಕೆಗಳು ನಮ್ಮ ಕಿಟಕಿಯ ಮುಂದೆ ಹಾಯಾಗಿ ತಿರುಗಿ, ಹುಲ್ಲಿನ ಮೇಲೆ ಮೆಲ್ಲಗೆ ಕೂತವು.

ಎರಡು ಅಂಕಗಳಿಂದ ಡಾಕ್ಟರು ಗೆದ್ದರು. ನಾನು ಮಹಡಿ ಇಳಿದು ಮೈದಾನಕ್ಕೆ ಹೋದಾಗ ಅವರು ಅಮ್ಮನಿಗೆ, “ನಿಮ್ಮ ಮಗಳ ಬಳೆ ನಂಗೇ ಒಲೀತು,” ಎಂದರು.

“ಗೆದ್ದವರು ಮೊದ್ಲು ಗಾಡಿ ತಳ್ರೀ!” ಎಂದು ಅಮ್ಮ ನಕ್ಕಳು. ಆಮೇಲೆ ಬೆನ್ನಿನ ಪ್ಯಾರಾಶೂಟ್ ಸಮೇತ ನನ್ನನ್ನು ತಬ್ಬಿದಳು. ನನ್ನ ಕೈ ಸುತ್ತಲೂ ಎಟುಕಲಿಲ್ಲ.

“ನನ್ನ ಎರಡು ಅಂಕ ನುಂಗಿದೆಯಲ್ಲೇ, ಪಾಪಿ! ಇಲ್ಬಾ, ಚಕ್ರ ನೋಡು.”

ಬಗ್ಗಿ ನೋಡಿದೆ. ಒಂದೇ ಒಂದು ಎಲೆಯೂ ಇರಲಿಲ್ಲ. ಈ ಸಲ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.