ನಾಲ್ಕನೇ ನಂಬರಿಗೆ ಬಿದ್ದ ಓಟು

ನಮ್ಮ ರೈಲು ಅಭಿಮಾನಿಗಳ ಸಂಘದಲ್ಲಿ ಏಳು ಜನ ಇದ್ದೇವೆ. ಆರು ಜನಕ್ಕೆ ತಲೆ ಕೆಟ್ಟಿದೆ, ಏಳನೆಯವಳು ನಾನು, ಕಾರ್ಯದರ್ಶಿ. ನನ್ನ ತಲೆ ಮಾತ್ರ ನೆಟ್ಟಗಿದೆ ಎಂದೇನಲ್ಲ. ನೆಟ್ಟಗಿದ್ದಿದ್ದರೆ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಎತ್ತಿ ಇವರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಂಗಡಿ ಸ್ಟೇಷನ್ನಿನ ಹಿಂದೆ, ಯಾರ್ಡಿನ ಬೇಲಿಗೆ ಅಂಟಿಕೊಂಡಿದೆ. ಹಿಂದಿನ ಕಿಟಕಿ ತೆರೆದರೆ ಹಳಿಗಳೇ ಕಾಣುತ್ತವೆ. ಅದೊಂದೇ ಕಾರಣಕ್ಕೆ ಇವರು ವಕ್ಕರಿಸುತ್ತಾರೆ.

ಸಂಘದಲ್ಲಿ ಎರಡು ಪಕ್ಷ. ಉಗಿ ಎಂಜಿನ್ನಿನ ಪಕ್ಷಕ್ಕೆ ಮೆಡಿಕಲ್ ಶಾಪಿನ ಯಜಮಾನರು ನಾಯಕರು. ಸಿಟ್ಟು ಬಂದರೆ ಮುಖ ಕೆಂಪಗಾಗಿ ಮೂಗಿನಲ್ಲಿ ಬುಸುಗುಡುವುದರಿಂದ ಎಲ್ಲರೂ ಅವರನ್ನು ಬಾಯ್ಲರ್ ಎಂದೇ ಕರೆಯುತ್ತೇವೆ, ಅವರೂ ಅದನ್ನು ಬಿರುದು ಎಂದೇ ತಿಳಿದಿದ್ದಾರೆ. ಡೀಸೆಲ್ ಪಕ್ಷಕ್ಕೆ ಹಲ್ಲಿನ ಡಾಕ್ಟರು ನಾಯಕರು. ಹಾರನ್ ಕೇಳಿದರೆ ಸಾಕು, ಕಣ್ಣು ಮುಚ್ಚಿ ಎಂಜಿನ್ನಿನ ಮಾದರಿ, ಸಿಲಿಂಡರ್ ಎಷ್ಟು, ಕೊನೆಯ ಬಾರಿ ರಿಪೇರಿ ಆದದ್ದು ಯಾವಾಗ, ಎಲ್ಲ ಹೇಳುತ್ತಾರೆ. ಅಷ್ಟು ಹೊತ್ತು ಪೇಷಂಟು ಬಾಯಿ ಕಳೆದುಕೊಂಡು ಕೂತಿರಬೇಕು. ಒಬ್ಬೊಬ್ಬರ ಹಿಂದೆಯೂ ಇಬ್ಬಿಬ್ಬರು ಬಾಲಬಡುಕರು. ಇವರ ಜಗಳದಲ್ಲಿ ಹಾವು ಮುಂಗುಸಿಯೂ ನಾಚಬೇಕು.

"ಕೆಟಲ್‌ಗೂ ನಿಮ್ಮ ಎಂಜಿನ್‌ಗೂ ಏನ್ರೀ ವ್ಯತ್ಯಾಸ? ಅದರಲ್ಲಾದ್ರೆ ಟೀ ಆದ್ರೂ ಸಿಗುತ್ತೆ," ಎನ್ನುತ್ತಾರೆ ಡಾಕ್ಟರು.

"ನಿಮ್ಮದು ಎಂಜಿನ್ನಾ? ಜನರೇಟರ್‌ಗೆ ಚಕ್ರ ಹಾಕಿದ್ದಾರೆ, ಅಷ್ಟೇ!" ಎಂದು ಬಾಯ್ಲರ್ ಬುಸುಗುಡುತ್ತಾರೆ.

ಇನ್ನು ನಮ್ಮಪ್ಪ. ಮೂವತ್ತೊಂದು ವರ್ಷ ಇದೇ ಯಾರ್ಡಿನಲ್ಲಿ ಶಂಟಿಂಗ್ ಎಂಜಿನ್ ಓಡಿಸಿದವರು. ವ್ಯಾಗನ್ನುಗಳನ್ನು ಈ ಹಳಿಯಿಂದ ಆ ಹಳಿಗೆ ತಳ್ಳುವುದು, ಜೋಡಿಸುವುದು, ಬಿಡಿಸುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸಿದರೂ ಸ್ಟೇಷನ್ ದಾಟುವ ಹಾಗಿಲ್ಲ. "ನಿಮ್ಮಪ್ಪ ಡ್ರೈವರಂತೆ, ಎಲ್ಲಿಗೆ ಹೋಗ್ತಾರೆ? ಎಲ್ಲಿಗೂ ಹೋಗಲ್ಲ!" ಎಂದು ನನ್ನ ಸೋದರಮಾವ ಮದುವೆ ಮನೆಗಳಲ್ಲಿ ಜನ ಸೇರಿಸಿ ನಗುತ್ತಿದ್ದ. ಅಪ್ಪನೂ ಜೊತೆಗೆ ನಗುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಅಪ್ಪನ ಎಂಜಿನ್ ನಾಲ್ಕನೇ ನಂಬರು. ಹಳದಿ ಬಣ್ಣ, ಗಿಡ್ಡ, ಮೂಗು ಚಪ್ಪಟೆ. ಒಮ್ಮೆ ವ್ಯಾಗನ್ನಿನ ಬಾಗಿಲು ಬಡಿದು ಹಾರನ್ನಿನ ಬಾಯಿ ಸೊಟ್ಟಗಾಗಿತ್ತು. ಅಂದಿನಿಂದ ಅದು ನೆಗಡಿಯಾದವರ ಹಾಗೆ ಕೂಗಿ, ಕೊನೆಗೊಂದು ಸಲ ಕೆಮ್ಮುತ್ತಿತ್ತು. ಆ ಕೆಮ್ಮು ಕೇಳಿದರೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಅಪ್ಪ ನಿವೃತ್ತರಾದ ಮೇಲೆ ನಾಲ್ಕನೇ ನಂಬರೂ ಮೂಲೆ ಸೇರಿತು. ದಿನಾ ಅಪ್ಪ ಬಂದು ನನ್ನ ಅಂಗಡಿಯ ಹಿಂದಿನ ಕಿಟಕಿಯ ಬಳಿ ಸ್ಟೂಲ್ ಎಳೆದುಕೊಂಡು, ಹುಲ್ಲು ಬೆಳೆದ ಹಳಿಯ ಮೇಲೆ ನಿಂತ ಅದನ್ನೇ ನೋಡುತ್ತಾ ಕೂರುತ್ತಿದ್ದರು.

"ಯಾರ್ಡಲ್ಲಿ ಉಳಿದಿದ್ದ ಒಂದೇ ಶಂಟಿಂಗ್ ಎಂಜಿನ್ನು, ಆ ಏಳನೇ ನಂಬರೂ ಮಲಗಿಬಿಡ್ತು ಕಣಮ್ಮ. ಗೇರ್‌ಬಾಕ್ಸ್ ಹೋಗಿದೆ. ಈಗ ಎರಡು ವ್ಯಾಗನ್ ತಳ್ಳೋಕೂ ದೊಡ್ಡ ಎಂಜಿನ್ ಬರಬೇಕು, ಛೆ," ಎಂದು ಒಂದು ದಿನ ಗೊಣಗಿದರು.

ನಾನು ಯಾರದ್ದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಿದ್ದೆ. ಹೂಂ ಎಂದೆ, ಅಷ್ಟೇ.

ಆಗ ಬಂತು ಸ್ಟೇಷನ್ ಮಾಸ್ಟರ ಕಾಗದ. ಮೂಲೆಯಲ್ಲಿ ನಿಂತ ಮೂರು ಎಂಜಿನ್‌ಗಳಲ್ಲಿ ಒಂದನ್ನು ಬಣ್ಣ ಬಳಿದು ಸ್ಟೇಷನ್ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ, ಉಳಿದೆರಡು ಗುಜರಿಗೆ. ಒಂದು ಉಗಿ ಎಂಜಿನ್, ಒಂದು ದೊಡ್ಡ ಡೀಸೆಲ್, ಮೂರನೆಯದು ನಾಲ್ಕನೇ ನಂಬರು. ಯಾವುದು ಬೇಕೋ ಸಂಘವೇ ತೀರ್ಮಾನಿಸಿ ತಿಳಿಸಲಿ. ಕಟ್ಟೆ ಏರುವ ಎಂಜಿನ್ನಿನಿಂದ ಒಂದು ನಟ್ಟನ್ನೂ ಬಿಚ್ಚುವಂತಿಲ್ಲ ಎಂದು ಬರೆದಿದ್ದರು. ಪಾಪ, ಎರಡೂ ಪಕ್ಷದವರು ವಾರಕ್ಕೆರಡು ಅರ್ಜಿ ಹಾಕಿ ಅವರ ಪ್ರಾಣ ತಿಂದಿದ್ದರು.

ಅಪ್ಪನ ಕಣ್ಣೆದುರೇ ನಾಲ್ಕನೇ ನಂಬರನ್ನು ಕತ್ತರಿಸಿ ಲಾರಿಗೆ ತುಂಬುವುದನ್ನು ನಾನು ನೋಡಲಾರೆ ಎನಿಸಿತು. ಅದು ಕಟ್ಟೆ ಏರಬೇಕು, ಸೋದರಮಾವ ರೈಲಿಳಿದಾಗಲೆಲ್ಲ ಅದರ ಮುಖ ನೋಡಿಯೇ ಆಟೋ ಹತ್ತಬೇಕು. ಅಂದೇ ಹಟ ಹಿಡಿದೆ.

ಇವರ ಜಾತಕ ನನಗೆ ಗೊತ್ತಿತ್ತು. ಇವರಿಗೆ ತಮ್ಮದು ಗೆಲ್ಲುವುದಕ್ಕಿಂತ ಆ ಕಡೆಯವರದು ಸೋಲುವುದು ಮುಖ್ಯ. ಅದಕ್ಕೇ ಹೊಸ ನಿಯಮ ತಂದೆ: ಪ್ರತಿಯೊಬ್ಬರೂ ಮೊದಲ ಆಯ್ಕೆಗೆ ಎರಡು ಅಂಕ, ಎರಡನೆಯದಕ್ಕೆ ಒಂದು ಅಂಕ ಬರೆಯಲೇಬೇಕು. ಬಾಯ್ಲರ್ ಹತ್ತಿರ ಹೋಗಿ, "ಎರಡನೇದು ಡೀಸೆಲ್‌ಗೇ ತಾನೇ?" ಎಂದೆ.

"ಏನಮ್ಮ ನೀನು! ಬೇಕಾದ್ರೆ ಆ ಶಂಟಿಂಗ್ ಡಬ್ಬಕ್ಕೆ ಹಾಕ್ತೀನಿ, ಆ ಹಲ್ಲು ಕೀಳೋನ ಡೀಸೆಲ್‌ಗೆ ಹಾಕಲ್ಲ!"

ಡಾಕ್ಟರ ಹತ್ತಿರವೂ ಹಾಗೇ ಕೇಳಿದೆ. ಅವರೂ ಅದೇ ಮಾತು ಹೇಳಿದರು, ಬೈಗುಳ ಮಾತ್ರ ಬೇರೆ. ಅಪ್ಪನನ್ನು ಗೌರವ ಸದಸ್ಯ ಎಂದು ಸೇರಿಸಿ ಅವರ ಕೈಗೂ ಒಂದು ಚೀಟಿ ಕೊಟ್ಟೆ. ಕೆಲಸ ಮುಗಿದ ಹಾಗೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಜೆರಾಕ್ಸ್ ಪೇಪರಿನ ಖಾಲಿ ಡಬ್ಬವೇ ಮತಪೆಟ್ಟಿಗೆಯಾಯಿತು. ಎಲ್ಲರೂ ಚೀಟಿ ಹಾಕಿದ ಮೇಲೆ ನಾನೇ ಒಂದೊಂದಾಗಿ ಬಿಚ್ಚಿ ಓದಿದೆ. ಲೆಕ್ಕ ಹಾಕಿದಂತೆಯೇ ನಡೆಯಿತು. ಮೂವರು ಉಗಿಗೆ ಎರಡೆರಡು ಕೊಟ್ಟು ನಾಲ್ಕನೇ ನಂಬರಿಗೆ ಒಂದೊಂದು ಕೊಟ್ಟಿದ್ದರು, ಮೂವರು ಡೀಸೆಲ್‌ಗೆ ಎರಡೆರಡು ಕೊಟ್ಟು ನಾಲ್ಕನೇ ನಂಬರಿಗೆ ಒಂದೊಂದು. ಮೂರಕ್ಕೂ ಆರಾರು ಅಂಕ. ನನ್ನ ಚೀಟಿಯಲ್ಲಿ ನಾಲ್ಕನೇ ನಂಬರಿಗೆ ಎರಡು. ನಿಯಮ ನಾನೇ ಮಾಡಿದ್ದಲ್ಲವೇ, ಉಳಿದ ಒಂದನ್ನು ಉಗಿಗೆ ದಾನ ಮಾಡಿದ್ದೆ. ಈಗ ನಾಲ್ಕನೇ ನಂಬರಿಗೆ ಎಂಟು, ಉಗಿಗೆ ಏಳು, ಡೀಸೆಲ್‌ಗೆ ಆರು. ಉಳಿದದ್ದು ಅಪ್ಪನ ಚೀಟಿ ಒಂದೇ.

ಬಿಚ್ಚಿದೆ. ವ್ಯಾಗನ್ನಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಅದೇ ದಪ್ಪ ಅಕ್ಷರ. ಉಗಿ ಎರಡು. ಡೀಸೆಲ್ ಒಂದು.

ಚೀಟಿ ಕೈಜಾರಿ ಮೆಷಿನ್ನಿನ ಕೆಳಗೆ ಹೋಗಲಿ, ಯಾರು ಕೇಳುತ್ತಾರೆ, ಎಂದುಕೊಂಡೆ. ಬೆರಳು ಸಡಿಲಿಸಿಯೂ ಇದ್ದೆ.

"ಓದು," ಎಂದರು ಅಪ್ಪ, ಸ್ಟೂಲಿನ ಮೇಲಿಂದಲೇ.

ಓದಿದೆ. ಉಗಿಗೆ ಒಂಬತ್ತು, ನಾಲ್ಕನೇ ನಂಬರಿಗೆ ಎಂಟು. ನಾನು ದಾನ ಮಾಡಿದ ಆ ಒಂದು ಅಂಕಕ್ಕೆ ಬೆಂಕಿ ಹಾಕ! ಬಾಯ್ಲರ್ ಓಡಿಬಂದು ಅಪ್ಪನನ್ನು ತಬ್ಬಿಕೊಂಡು ಗಳಗಳನೆ ಅತ್ತರು. "ನೀವೂ ನಮ್ಮವರೇ ಅಂತ ಒಂದಿನಾನೂ ಹೇಳ್ಲಿಲ್ವಲ್ಲ ಸಾರ್!" ಅಪ್ಪ ಅವರ ಕೈ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದರು. ಡಾಕ್ಟರು ಮುಖ ಊದಿಸಿಕೊಂಡು ಶಟರ್ ಕೆಳಗೆ ನುಸುಳಿ ಹೊರಟುಹೋದರು.

ಎಲ್ಲರೂ ಹೋದ ಮೇಲೆ ನಾನು ಸಿಡಿದೆ. "ಏನಪ್ಪಾ ಇದು? ನಿಮ್ಮ ಎಂಜಿನ್‌ಗೆ ನೀವೇ ಕಲ್ಲು ಹಾಕಿದ್ರಲ್ಲ! ನಾನಿಲ್ಲಿ ಯಾರಿಗೋಸ್ಕರ ಸಾಯ್ತಾ ಇದ್ದೆ?"

"ನಿನ್ನ ಸೋದರಮಾವನಿಗೋಸ್ಕರ," ಎಂದರು ಅಪ್ಪ. "ಕಟ್ಟೆ ಹತ್ತಿಸಿದ್ರೆ ಒಂದು ನಟ್ಟೂ ಮುಟ್ಟೋ ಹಾಗಿಲ್ಲ, ಓದಿದ್ಯಲ್ಲ? ಗುಜರಿಗೆ ಹಾಕೋ ಮುಂಚೆ ರಿಪೇರಿ ಶೆಡ್‌ನವರು ಒಳ್ಳೇ ಸಾಮಾನೆಲ್ಲ ಬಿಚ್ಕೋತಾರೆ. ನಾಲ್ಕರ ಗೇರ್‌ಬಾಕ್ಸ್ ಏಳಕ್ಕೆ ಕೂರುತ್ತೆ ಕಣಮ್ಮ. ಅದು ದುಡಿಯೋ ಎಂಜಿನ್, ಅದನ್ನ ಗೊಂಬೆ ಮಾಡ್ತೀಯಾ? ಆ ಉಗೀದು ಒಂದು ಬೋಲ್ಟೂ ಯಾರಿಗೂ ಬೇಡ. ಅದು ನಿಂತ್ಕೊಂಡಿರ್ಲಿ ಬಿಡು."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ದೆ. ನೀನು ಜೆರಾಕ್ಸ್ ಮಾಡ್ತಿದ್ದೆ."

ಎರಡು ದಿನ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಮೂರನೇ ದಿನ ಅವರು ಹಳೇ ಖಾಕಿ ಪ್ಯಾಂಟು ಹಾಕಿಕೊಂಡು ಶೆಡ್ಡಿಗೆ ಹೋದರು, ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಫಿಟ್ಟರನಿಗೆ ತೋರಿಸಲು. ನಾಲ್ಕನೇ ನಂಬರನ್ನು ಕತ್ತರಿಸಿದ ದಿನ ನಾನು ಹಿಂದಿನ ಕಿಟಕಿ ಮುಚ್ಚಿದೆ. ಅಪ್ಪ ಎದ್ದು ಬಂದು ತೆಗೆದರು. ಲಾರಿ ಹೋಗುವವರೆಗೂ ನೋಡಿ, ಕನ್ನಡಕ ಒರೆಸಿಕೊಂಡು ಮನೆಗೆ ನಡೆದರು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ. ಉಗಿ ಎಂಜಿನ್ ಕರಿ ಬಣ್ಣ ಬಳಿಸಿಕೊಂಡು ಕಟ್ಟೆಯ ಮೇಲೆ ನಿಂತಿತ್ತು. ಅದರ ಚಿಮಣಿಯಲ್ಲಿ ಕಾಗೆ ಗೂಡು ಕಟ್ಟಿದ್ದಕ್ಕೆ ಯಾರು ಹೊಣೆ ಎಂದು ನಮ್ಮವರು ಕಾದಾಡುತ್ತಿದ್ದರು. ಆಗ ಯಾರ್ಡಿನ ಕಡೆಯಿಂದ ಹಾರನ್ ಕೇಳಿಸಿತು. ನೆಗಡಿಯಾದ ದನಿ, ಕೊನೆಗೊಂದು ಕೆಮ್ಮು.

ನಾನು ಜೆರಾಕ್ಸ್ ಮೆಷಿನ್ ನಿಲ್ಲಿಸಿದೆ.

ಡಾಕ್ಟರು ಕಣ್ಣು ಮುಚ್ಚಿದರು. ತುಂಬಾ ಹೊತ್ತು ಮುಚ್ಚಿಯೇ ಇದ್ದರು. "ಯಾವುದೋ ಹೊಸ ಮಾದರಿ ಇರ್ಬೇಕು," ಎಂದರು.

"ಎಂಥ ಮಾದರಿ ಮಣ್ಣು! ಅದು ಲಾರಿ ಕಣ್ರೀ," ಎಂದರು ಬಾಯ್ಲರ್.

ನಾನು ಹಿಂದಿನ ಕಿಟಕಿಗೆ ಓಡಿದೆ. ಹಸಿರು ಬಣ್ಣದ ಏಳನೇ ನಂಬರು ಬರುತ್ತಿತ್ತು, ಅದಕ್ಕೆ ನಾಲ್ಕನೇ ನಂಬರಿನ ಹಳದಿ ಬಾಗಿಲು ಕೂರಿಸಿದ್ದರು, ತಲೆಯ ಮೇಲೆ ಆ ಸೊಟ್ಟ ಹಾರನ್ನು. ಅಪ್ಪ ಸ್ಟೂಲಿನ ಮೇಲೆ ಕೂತು ಬೆರಳು ಮಡಿಸುತ್ತಾ ವ್ಯಾಗನ್ ಎಣಿಸುತ್ತಿದ್ದರು.

"ಹದಿನೆಂಟು," ಎಂದರು. "ಆರಾಮಾಗಿ ತಳ್ತಾ ಇದೆ ನೋಡು."

ನನಗೆ ಅಳು ತಡೆಯಲಾಗಲಿಲ್ಲ. ಅತ್ತುಬಿಟ್ಟೆ, ಆ ಆರು ಜನರ ಮುಂದೆಯೇ.

"ಯಾವುದಮ್ಮಾ ಅದು? ಯಾವ ಎಂಜಿನ್ನು?" ಡಾಕ್ಟರು ಹಿಂದಿನಿಂದ ಇಣುಕುತ್ತಾ ಕೇಳಿದರು.

"ನಮ್ಮಪ್ಪಂದು," ಎಂದೆ.