ಗಂಗೋತ್ರಿಯ ನೀರಿನ ಕ್ಯಾನು

ಅಂದು ಬೆಳಿಗ್ಗೆ ರಾಯದುರ್ಗದಲ್ಲಿ ಗಾಳಿಯ ಸುಳಿವೇ ಇರಲಿಲ್ಲ. ಬೆಟ್ಟದ ಕೋಟೆಯ ಮೇಲೆ ಒಂದು ಮೋಡ ಬಂದು ನಿಂತು, ಕೆಳಗೆ ಯಾರೂ ಕರೆಯಲಿಲ್ಲವೆಂದು ಹಾಗೇ ಹೋಯಿತು. ಜೀನ್ಸ್ ಹೊಲಿಯುವ ತಗಡಿನ ಶೆಡ್ಡಿನೊಳಗೆ ಅಷ್ಟು ಹೊತ್ತಿಗೇ ಧಗೆ. ಅಂಥ ದಿನವೇ ಸುಂಕಪ್ಪ ಮೇಸ್ತ್ರಿ ಗಂಗೋತ್ರಿ ಎಂಬ ಹುಡುಗಿಯ ನೀರಿನ ಕ್ಯಾನನ್ನು ಕಿತ್ತು ತನ್ನ ಮೇಜಿನ ಕೆಳಗೆ ಇಟ್ಟುಕೊಂಡ.

"ನೀರು ಕುಡಿಯೂದು, ಹೊರಗ ಓಡೂದು. ಹೊಲಿಯೂದು ಯಾವಾಗವ್ವ? ಗಂಗೋತ್ರಿ ಅಂತ ಹೆಸರಿಟ್ರ ಗಂಗೀನೆಲ್ಲ ನೀನ ಕುಡೀಬೇಕೇನು?"

ಶೆಡ್ಡು ನಕ್ಕಿತು. ಮಡಕಶಿರಾ ಕಡೆಯಿಂದ ತಾಯಿ ಈಶ್ವರಮ್ಮನೊಂದಿಗೆ ಹೊಲಿಗೆಗೆ ಬಂದ ಹುಡುಗಿ ಅವಳು. ಇಪ್ಪತ್ತು ತುಂಬಿದರೂ ಹನ್ನೆರಡರ ಮೈಕಟ್ಟು, ಕೊನೆಯಿಲ್ಲದ ದಾಹ. ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ಗುಂಡಿ ಹಾಕುವ ಮೈಲಾರಮ್ಮನ ಪ್ರಕಾರ ನೇಮಕಲ್ಲು ಆಂಜನೇಯನಿಗೆ ತೀರಿಸದ ಹರಕೆ. ಇಸ್ತ್ರಿಯವನ ಪ್ರಕಾರ ಉಷ್ಣ. ಆಂಜನೇಯನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ನನ್ನನ್ನೇಕೆ ನಡುವೆ ಎಳೆಯುತ್ತೀರಿ ತಾಯಿ, ಎನ್ನುತ್ತಿದ್ದನೇನೋ.

ಈಶ್ವರಮ್ಮ ಎದ್ದು ಬಂದಳು. "ಕ್ಯಾನು ಕೊಡಣ್ಣ. ಬಳ್ಳಾರಿ ಡಾಕ್ಟ್ರು ತಲೆ ಸ್ಕ್ಯಾನ್ ಮಾಡಿ ಹೇಳವ್ರೆ. ಹೊಟ್ಟೇಲಿದ್ದಾಗ್ಲೇ ಮಗೀನ ಮೆದುಳು ಒಂದ್ಕಡೆ ಸರಿಯಾಗಿ ಕೂಡ್ಕೊಂಡಿಲ್ವಂತೆ. ಅದರ ಬುಡದಾಗೆ ಕಡಲೆಕಾಳಷ್ಟು ಗ್ರಂಥಿ ಐತಂತೆ. ಬೆಳೆಯೋಕೂ ಮೈಯಾಗೆ ನೀರು ನಿಲ್ಲೋಕೂ ಹಾರ್ಮೋನು ಅಲ್ಲಿಂದ್ಲೇ ಬರ್ಬೇಕಂತೆ, ಇವಳಿಗೆ ಬರ್ತಿಲ್ಲ. ಮಾತ್ರೆ ಸುರು ಮಾಡವ್ರೆ. ಬಾಯಾರ್ದಾಗ ನೀರು ತಪ್ಪಿಸಿದ್ರೆ ಜೀವಕ್ಕೇ ಅಪಾಯ ಅಂದವ್ರೆ ಕಣಣ್ಣ."

"ತಲಿ ಕೆಟ್ರ ತಲಿ ನೋಯಬೇಕು. ಮ್ಯಾಲ ಕೆಟ್ಟದ್ದು ಕೆಳಗ ಹೆಂಗ ಇಳೀತೈತಿ? ಡಾಕ್ಟ್ರು ನಿಮ್ಮನ್ನ ಕುರಿ ಮಾಡ್ಯಾನ. ಊಟದ ಬೆಲ್ಲಿನ ತನಕ ಯಾರರ ಎದ್ರ, ಇಬ್ಬರೂ ಊರಿಗೆ ಬಸ್ಸು ಹತ್ರಿ."

ಕೆಲಸ ಹೋದರೆ ಮಾತ್ರೆಯೂ ಹೋದಂತೆ. ತಾಯಿ ಮಗಳ ಮುಖ ನೋಡಿದಳು. ಮಗಳು, ತಡಿ ಎಂದು ಕಣ್ಣಲ್ಲೇ ಹೇಳಿ ಮಷಿನ್ ತುಳಿದಳು. ಅವಳ ತುಟಿ ಆಗಲೇ ಬಿರಿದಿತ್ತು.

ಸ್ವಲ್ಪ ಹೊತ್ತಿಗೆ ಆಚೆ ಸಾಲಿನ ಪ್ರಸಾದ್ ಒಂದು ಪ್ಯಾಂಟನ್ನು ತಿರುವಿಕೊಂಡು ಬಂದ. ಹೊಲಿಗೆಯ ಅಡಿಯಲ್ಲಿ ದಾರವೆಲ್ಲ ಗುಂಗುರು. "ಕೆಳಗಿನ ದಾರದ ಬಾಬಿನ್ ಕೆಟ್ಟೈತ್ರಿ ಮೇಸ್ತ್ರಿ."

ಸುಂಕಪ್ಪನಿಗೆ ಉಪದೇಶದ ಹುರುಪು ಏರಿತು. ಶೆಡ್ಡಿಗೆಲ್ಲ ಕೇಳುವಂತೆ ಹೇಳಿದ: "ಎಷ್ಟು ಸಲ ಹೇಳಬೇಕಲೇ? ಕೆಳಗ ದಾರ ಗಂಟಾದ್ರ ಬಾಬಿನ್ನ ಬೈಬ್ಯಾಡ. ದೋಷ ಇರೂದು ಮ್ಯಾಲ! ಮ್ಯಾಲಿನ ದಾರದ ಬಿಗಿ ತಪ್ಪಿದ್ರ, ಕೆಟ್ಟಿದ್ದು ಕೆಳಗ ಕಾಣತೈತಿ."

ಮಷಿನುಗಳು ಒಂದೊಂದಾಗಿ ನಿಂತವು. ಮೈಲಾರಮ್ಮ ಬಾಯಲ್ಲಿದ್ದ ದಾರ ಕಡಿದು, ನಿಧಾನವಾಗಿ ಕೇಳಿದಳು: "ಹೌದೇನ್ರಿ? ಮ್ಯಾಲ ಕೆಟ್ಟದ್ದು ಕೆಳಗ ಇಳೀತೈತೇನ್ರಿ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಬಯ್ಯಲಾದರೂ ಅವನಿಗೆ ದಾರಿಯಿರುತ್ತಿತ್ತು. ಗಂಗೋತ್ರಿ ಮಷಿನಿನ ಮೇಲೆ ಹಣೆಯೂರಿದ್ದಳು.

ತಿಳಿವಳಿಕೆ ಬರುವುದಕ್ಕೆ ಭಗವಂತ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಇಟ್ಟಿರುತ್ತಾನೆ. ಸುಂಕಪ್ಪನಿಗೆ ಅವನ ಬಾಯನ್ನೇ ಇಟ್ಟಿದ್ದ.

ಮೇಸ್ತ್ರಿ ಬಗ್ಗಿ ಮೇಜಿನ ಕೆಳಗಿನ ಕ್ಯಾನು ತೆಗೆದುಕೊಂಡ. ತಾನೇ ಹೋಗಿ ತಣ್ಣೀರು ತುಂಬಿಸಿ ತಂದ. ಮುಚ್ಚಳ ಸಡಿಲಿಸಿ ಗಂಗೋತ್ರಿಯ ಕೈಗೆ ಕೊಟ್ಟ.