ಎಲ್ಲಿ ಅನಸ್ತದ ಹೇಳ್ರಿ

ಪಾದದ ಕೆಳಗೆ ಫರಶಿ ತಣ್ಣಗಿದೆ, ಎಡಗಾಲಿಗೆ ತುಸು ಹೆಚ್ಚು ತಣ್ಣಗೆ, ಯಾಕೆಂದರೆ ಎಡಕ್ಕೆ ಗೋಡೆ, ಗೋಡೆಯಾಚೆ ನೀರಿನ ಟಾಕಿ ಇರಬೇಕು — ನೋಡು, ಮತ್ತೆ ಯಾಕೆಂದರೆ ಬಂತು, ಆಮ್ರಪಾಲಿ ನಾಲಿಗೆ ಕಚ್ಚಿಕೊಂಡಳು, ಯಾಕ ಅಂಬೋದು ಬ್ಯಾಡ್ರಿ ಮೇಡಂ, ಎಲ್ಲಿ ಅನಸ್ತದ ಅಷ್ಟೇ ಹೇಳ್ರಿ ಎಂದು ಚಿಕಿತ್ಸೆ ಕೊಡುವ ಉಮಾಶ್ರೀ ಮೊದಲ ದಿನವೇ ಹೇಳಿದ್ದರು, ಇವತ್ತಿಗೆ ಐದನೆಯ ಶನಿವಾರ, ಐದು ಸಲ ಭಾಲ್ಕಿಯಿಂದ ಬೀದರಿಗೆ ಬಸ್ಸು, ಐದು ಸಲ ಈ ಕೋಣೆ, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕುಳಿತ ತಾನು, ಎದುರಿಗೆ ಚಾಪೆಯ ಮೇಲೆ ಉಮಾಶ್ರೀ, ಇದು ಬಾಯಿಮಾತಿನ ಕೌನ್ಸೆಲಿಂಗ್ ಅಲ್ಲರಿ, ಮಾತಿನ್ಯಾಗ ನೀವು ಭಾಳ ಜಾಣರಿದ್ದೀರಿ, ಅದೇ ತೊಂದರಿ, ಮೈ ಏನ್ ಹೇಳ್ತದ ಕೇಳೋಣ — ಮೈ ಏನನ್ನೂ ಹೇಳುವುದಿಲ್ಲ, ಹದಿನೆಂಟು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿದ್ದು ಬಾಯಿ, ಮೈ ಅದನ್ನು ಹೊತ್ತುಕೊಂಡು ನಿಂತಿತ್ತು ಅಷ್ಟೇ. ಭುಜ ಸಡಲ ಬಿಡ್ರಿ, ಉಸಿರು ಹೊಟ್ಟಿತನಕ ಹೋಗ್ಲಿ. ಹೋಗುತ್ತಿಲ್ಲ, ನಾಡಿದ್ದು ತವರೂರು ಎಕಂಬಾಕ್ಕೆ ಹೋಗಬೇಕು, ಸಪನಾ ತೀರಿಕೊಂಡು ನಾಡಿದ್ದಿಗೆ ವರ್ಷ, ಒಡಹುಟ್ಟಿದ ತಂಗಿ ಸತ್ತು ವರ್ಷವಾದರೂ ಒಂದು ಹನಿ ಕಣ್ಣೀರು ಬರಲಿಲ್ಲ, ಅವ್ವ ಕೌಸಲ್ಯಾಬಾಯಿ ಫೋನು ಮಾಡಿದ್ದಳು, ಯಾವತ್ತೂ ದನಿ ಏರಿಸಿದವಳಲ್ಲ, ಮೆಲ್ಲಗೇ ಅಂದಳು, ಅಳ್ಲಿಕ್ಕ ಬರೋದಿದ್ರ ಬಾ, ಭಾಷಣ ಮಾಡ್ಲಿಕ್ಕ ಬರಬ್ಯಾಡ. ಭಾಷಣವೇ ಅದು, ಹೋದ ವರ್ಷ ಸಪನಾಳ ಶ್ರದ್ಧಾಂಜಲಿಗೆ ಬುದ್ಧ ವಿಹಾರದ ಅಂಗಳದಲ್ಲಿ ಮೈಕು ಹಿಡಿದು ಹತ್ತು ನಿಮಿಷ, ಅನಿತ್ಯದ ಬಗ್ಗೆ, ಸಪನಾ ಊರಿನ ಮೊದಲ ನರ್ಸ್ ಆದದ್ದರ ಬಗ್ಗೆ, ಒಂದು ಶಬ್ದ ತಡವರಿಸಲಿಲ್ಲ, ಔರಾದಿನಿಂದ ಬಂದಿದ್ದ ಮಾಸ್ತರರು ಏನ್ ಛಂದ ಮಾತಾಡಿದ್ರಿ ಬಾಯಾರೆ ಎಂದು ಕೈಮುಗಿದರು, ಅವ್ವ ದೂರ ಕುಳಿತು ನೋಡುತ್ತಿದ್ದಳು, ಹೆತ್ತ ಮಗಳನ್ನು ನೋಡುವ ಹಾಗಲ್ಲ, ವಿಚಾರಣೆಗೆ ಬಂದ ಅಧಿಕಾರಿಯನ್ನು ನೋಡುವ ಹಾಗೆ.

ಮೇಡಂ, ಈಗ ಎಲ್ಲಿದ್ದೀರಿ, ಉಮಾಶ್ರೀ ಕೇಳುತ್ತಿದ್ದಾರೆ. ಎಕಂಬಾದಾಗ್ರಿ. ಹೊಳ್ಳಿ ಬರ್ರಿ, ಈಗ ಮೈಯಾಗ ಎಲ್ಲಿ ಬಿಗಿ ಅದ. ಎದೆ ಎನ್ನಬೇಕು, ಪುಸ್ತಕಗಳಲ್ಲಿ ಎದೆ ಎಂದೇ ಇರುತ್ತದೆ, ಈ ಚಿಕಿತ್ಸೆಯ ಬಗ್ಗೆ ಎರಡು ಪುಸ್ತಕ ತರಿಸಿ ಓದಿದ್ದಾಳೆ, ಇಂಥವರು ದುಃಖಪಡುವ ಬದಲು ದುಃಖವನ್ನು ವಿವರಿಸುತ್ತಾರೆ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾಳೆ — ಎಲ್ಲೂ ಇಲ್ಲರಿ, ಅಂದಳು, ಅಂದ ಮೇಲೆ ಅದು ಸುಳ್ಳೆಂದು ಗೊತ್ತಾಯಿತು, ಅಂಗೈ, ಬಲ ಅಂಗೈ ಜುಮುಜುಮು ಎನ್ನುತ್ತಿದೆ. ಹೇಳಿದಳು. ಉಮಾಶ್ರೀ ಹತ್ತಿರ ಸರಿದ ಸದ್ದು. ಛಲೋ ಆತ್ರಿ, ಅಲ್ಲೇ ಇರ್ರಿ, ಅದಕ್ಕ ಹೆಸರಿಡಬ್ಯಾಡ್ರಿ, ಆ ಕೈಗಿ ಏನ್ ಮಾಡಬೇಕು ಅನಸ್ತದ. ಹಿಡಿಯಬೇಕು, ಏನನ್ನೋ ಹಿಡಿಯಬೇಕು — ಆಸ್ಪತ್ರೆಯ ಮೂರನೆಯ ಮಹಡಿ, ಡೆಂಗಿ ಜ್ವರ, ಸಪನಾಳ ತುಟಿ ಒಡೆದಿದೆ, ಆಮ್ರಪಾಲಿಯ ಕೈಯಲ್ಲಿ ರಿಪೋರ್ಟು, ಪ್ಲೇಟ್‌ಲೆಟ್ ನಿನ್ನಿ ಹನ್ನೊಂದು ಸಾವಿರ ಇತ್ತು, ಇವತ್ತ ಹದಿನಾಲ್ಕು, ಏರ್ಲತದ ನೋಡು, ಮೂರು ಕಾರಣಕ್ಕ ಧೈರ್ಯ ತಗೋಬೇಕು, ಒಂದನೇದು — ಅಕ್ಕಾ, ಅಂದಳು ಸಪನಾ, ನಾ ನರ್ಸ್ ಇದ್ದೀನಿ, ನಂಗ ಎಲ್ಲಾ ಗೊತ್ತದ, ಸುಮ್ನ ಕೈ ಹಿಡಿ. ಹಿಡೀತೇನಿ ತಡಿ, ಇದೊಂದು ಕೇಳು. ಎರಡನೆಯದನ್ನು ಹೇಳಿದಳು, ಮೂರನೆಯದನ್ನೂ ಹೇಳಿದಳು, ಹಾಳೆ ಮಡಚಿ ಚೀಲದಲ್ಲಿಟ್ಟು ನೋಡಿದರೆ ತಂಗಿ ಕಣ್ಣು ಮುಚ್ಚಿದ್ದಳು, ಮಲಗಲಿ, ನಿದ್ದೆ ಕೆಡಿಸಬಾರದು ಎಂದು ಚಹಾಕ್ಕೆ ಕೆಳಗಿಳಿದಳು, ಮೇಲೆ ಬಂದಾಗ ಮಂಚದ ಸುತ್ತ ನಾಲ್ಕು ಜನ.

ಕಣ್ಣ ಹಿಂದೆ ಬಿಸಿ ಏರುತ್ತಿದೆ, ಬರಲಿ, ಒಮ್ಮೆ ಬಂದುಬಿಡಲಿ, ಹಿಡೀರಿ ಮೇಡಂ, ಬೇಕನಸಿದ್ರ ನನ್ನ ಕೈ ಹಿಡೀರಿ, ಉಮಾಶ್ರೀ ಕೈ ಚಾಚಿದ್ದಾರೆ — ಆಮ್ರಪಾಲಿ ಕಣ್ಣು ಬಿಟ್ಟಳು, ಈಗ ತಿಳೀತ್ರಿ, ಅಂದಳು, ಅವತ್ತು ನಾ ತಂಗಿ ಕೈ ಹಿಡೀಲಿಲ್ಲ, ಆ ಅಪರಾಧಿ ಭಾವನೆ ಅಂಗೈಯಾಗ ಕುಂತದ, ಪುಸ್ತಕದಾಗೂ ಹಿಂಗೇ ಬರದಾರ, ಮಾತು ಬರುತ್ತಲೇ ಇದೆ, ತರಗತಿಯಲ್ಲಿ ಬರುವ ಹಾಗೆ, ಒಂದಕ್ಕೊಂದು ಕೂಡಿಕೊಂಡು, ಬಿಸಿ ಇಳಿಯಿತು, ಜುಮುಜುಮು ಇಳಿಯಿತು, ಉಮಾಶ್ರೀ ಕೈ ಹಿಂದಕ್ಕೆ ತೆಗೆದುಕೊಂಡರು, ಹೌದ್ರಿ, ಅಂದರು, ಮುಂದಿನ ಶನಿವಾರ ನೋಡೋಣ್ರಿ. ಆದರೆ ನಾಡಿದ್ದು ಮೊದಲು ಬರುತ್ತದೆ, ಔರಾದಿನಲ್ಲಿ ಬಸ್ಸು ಬದಲಿಸಬೇಕು, ಅವ್ವ ಬಾಗಿಲಲ್ಲಿ ನಿಂತು ಮೊದಲು ಕಣ್ಣನ್ನೇ ನೋಡುತ್ತಾಳೆ, ಒಣ ಕಣ್ಣು, ಹೋಗದಿದ್ದರೆ ಫೋನಿನಲ್ಲಿ ಏನು ಹೇಳುವುದು, ಪರೀಕ್ಷೆ ಇದೆ ಎನ್ನಬಹುದು, ಇನ್ನೇನು ಹೇಳಬಹುದು, ಒಂದನೆಯದು — ಚಾದರದ ಮೇಲೆ ಸಪನಾಳ ಕೈ. ಎರಡನೆಯದು — ಕೈ, ಸೂಜಿ ಚುಚ್ಚಿದಲ್ಲಿ ನೀಲಿಗಟ್ಟಿದ ಕೈ. ಮಂಚದ ಅಂಚಿಗೆ ಸರಿದಿತ್ತು, ಅಕ್ಕ ಕುಳಿತಿದ್ದ ಕಡೆಗೆ. ಬೆರಳು ಮಡಚಿರಲಿಲ್ಲ. ಅಂಗೈ ಮೇಲಾಗಿ, ಬಿಚ್ಚಿಯೇ ಇತ್ತು. ಬಿಚ್ಚಿಯೇ.